ದಂಡೆಗೆ ಸಿಂಗಾರ, ಕೆರೆಗೆ ಉಪವಾಸ

ಗದುಗಿನ ಭೀಷ್ಮ ಕೆರೆಯ ದಂಡೆಯಲ್ಲಿ ಒಂದು ಸಂಜೆ ಕುಳಿತು ನೋಡಿದವರಿಗೆ, ಎರೆಮಣ್ಣಿನ ಈ ಬಯಲುನಾಡಿನಲ್ಲಿ ಜಲಸಾನ್ನಿಧ್ಯವೆಂಬುದು ಎಷ್ಟು ದೊಡ್ಡ ಸುಖವೆಂಬುದನ್ನು ಬೇರೆ ಯಾರೂ ಬೋಧಿಸಬೇಕಾಗಿಲ್ಲ. ನೂರು ಅಡಿಗೂ ಮಿಕ್ಕಿ ನಿಂತ ಬಸವೇಶ್ವರ ಮೂರ್ತಿಯ ನೆರಳು ನೀಳವಾಗುತ್ತ ಹೋಗುವ ಹೊತ್ತಿನಲ್ಲಿ, ಬೆಟಗೇರಿಯಿಂದ ಮಕ್ಕಳನ್ನು ಕರೆದುಕೊಂಡು ಬಂದ ನೇಕಾರ ಕುಟುಂಬವೊಂದು ಬಿಸಿ ಮಿರ್ಚಿಯ ಪೊಟ್ಟಣವನ್ನು ಬಿಚ್ಚಿ, ನೀರಿನ ಕಡೆಗೆ ಮುಖಮಾಡಿ ಕುಳಿತಿತ್ತು. ಅವರ ಪಕ್ಕದಲ್ಲಿದ್ದ ಅಜ್ಜಿಯೊಬ್ಬಳು ನೀರನ್ನೇ ದಿಟ್ಟಿಸುತ್ತ, “ಇಲ್ಲಿ ಇಷ್ಟ ನೀರೈತಿ, ನಮ್ಮ ಓಣಿಗೆ ನಳ ಯಾವತ್ತ ಬಿಡ್ತಾರೊ!” ಎಂದಳು. ಮಿರ್ಚಿ ತಿನ್ನುತ್ತಿದ್ದವರೆಲ್ಲ ನಕ್ಕರು. ನಳದ ಸರದಿಗಾಗಿ ದಿನಗಳನ್ನೆಣಿಸುವ ಅವಳಿನಗರದಲ್ಲಿ ಆ ನಗೆಯ ಅರ್ಥ ಯಾರಿಗೆ ತಿಳಿಯದು?

ಕೆರೆಯ ದಂಡೆಯನ್ನು ಉದ್ಯಾನವಾಗಿಸಿದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಬಡವನಿಗೂ ಬಿಟ್ಟಿಯಾಗಿ ಗಾಳಿ ಸೇವಿಸುವ ಒಂದು ಸ್ಥಳ ಬೇಕು. ಅದನ್ನು ಹಳಿಯುವುದು ಅರಸಿಕತೆ. ನನ್ನ ಆಕ್ಷೇಪವಿರುವುದು, ಕೆರೆಯ ಅಭಿವೃದ್ಧಿಯೆಂದರೆ ದಂಡೆಯ ಅಭಿವೃದ್ಧಿಯೇ ಎಂದು ಬಗೆಯುವ, ಇಂದು ರಾಜ್ಯದಲ್ಲೆಲ್ಲ ಹಬ್ಬಿರುವ ಭ್ರಾಂತಿಯ ಮೇಲೆ. ಕಾಲುದಾರಿ, ಕಟಾಂಜನ, ದೀಪಕಂಬ, ದೋಣಿ, ಕಾರಂಜಿ ಇವೆಲ್ಲ ಯೋಜನೆಯ ಪಟ್ಟಿಯಲ್ಲಿ ತಪ್ಪದೆ ಸ್ಥಾನ ಪಡೆಯುತ್ತವೆ. ಕೆರೆಗೆ ನೀರು ತರುವ ಹಳ್ಳ, ನೀರು ಬಿಡುವ ತೂಬು, ಹೆಚ್ಚಾದುದನ್ನು ಮುಂದಿನ ಕೆರೆಗೆ ದಾಟಿಸುವ ಕೋಡಿ, ಇವುಗಳ ಹೆಸರು ಮಾತ್ರ ಕಾಣುವುದಿಲ್ಲ. ಹಳ್ಳವನ್ನು ಮುಚ್ಚಿದ ಮೇಲೆ ಕೆರೆಗೆ ಬರುವುದು ಎರಡೇ: ಒಂದು ಚರಂಡಿ, ಇನ್ನೊಂದು ಟ್ಯಾಂಕರು. ಚರಂಡಿ ಬಂದರೆ ಅಂತರಗಂಗೆ ಹಬ್ಬಿ ಮೀನು ಸಾಯುತ್ತದೆ. ಟ್ಯಾಂಕರು ಬಂದರೆ ಯಾವುದೋ ಊರಿನ ಬಾಯಾರಿಕೆ ನಮ್ಮ ದೋಣಿವಿಹಾರವಾಗುತ್ತದೆ.

ಈ ಜಿಲ್ಲೆಯ ಹಿರಿಯರಿಗೆ ಈ ಭ್ರಾಂತಿಯಿರಲಿಲ್ಲ. ಲಕ್ಷ್ಮೇಶ್ವರದ ಹಳೆಯ ಹೆಸರು ಪುಲಿಗೆರೆ. ಕವಿರಾಜಮಾರ್ಗಕಾರನು ಕನ್ನಡದ ತಿರುಳನ್ನು ಗುರುತಿಸಿದ ನಾಲ್ಕು ಊರುಗಳಲ್ಲೊಂದಾದ ಅದರ ಹೆಸರಿನೊಳಗೇ ಕೆರೆಯಿದೆ. ಲಕ್ಕುಂಡಿಯ ಮುಸುಕಿನ ಬಾವಿಯನ್ನು ಕಟ್ಟಿದ ಶಿಲ್ಪಿಗಳು ಗುಡಿಗೆ ಎಷ್ಟು ಕುಸುರಿ ಕೆಲಸ ಮಾಡಿದರೋ ನೀರಿಗಿಳಿಯುವ ಮೆಟ್ಟಿಲಿಗೂ ಅಷ್ಟನ್ನೇ ಮಾಡಿದರು. ಅವರ ಕುಸುರಿಯೆಲ್ಲ ಜನರನ್ನು ನೀರಿನ ಬಳಿಗೆ ಕರೆದೊಯ್ಯುವುದಕ್ಕಿತ್ತು. ನಮ್ಮ ಕಟಾಂಜನವಾದರೋ ನೀರನ್ನು ದೂರದಿಂದ ನೋಡುವ ವಸ್ತುವನ್ನಾಗಿಸಿದೆ.

ಇನ್ನು ಶಿರಹಟ್ಟಿ ತಾಲೂಕಿನ ಮಾಗಡಿಗೆ ಹೋಗಿ ನೋಡಬೇಕು. ಮಳೆಯ ನೀರನ್ನು ಹೊಲಗಳಿಗೆ ಕೂಡಿಡಲೆಂದು ಕಟ್ಟಿದ ಆ ಕೆರೆಗೆ ಸಿಂಗಾರವಿದ್ದುದರಿಂದ ಹಿರಿಮೆ ಬರಲಿಲ್ಲ. ಚಳಿಗಾಲದಲ್ಲಿ ಹಿಮಾಲಯವನ್ನು ದಾಟಿ, ಮಂಗೋಲಿಯದಂಥ ದೂರದೇಶಗಳಿಂದ ಪಟ್ಟೆತಲೆಯ ಹೆಬ್ಬಾತುಗಳು ಅಲ್ಲಿಗೆ ಬರುವುದು, ಕೆರೆಗೆ ಆಳವಿಲ್ಲದ ಅಂಚು, ಸುತ್ತ ಬಯಲು, ಬಯಲಿನಾಚೆ ಮೇಯಲು ಹೊಲಗಳು ಉಳಿದಿರುವುದರಿಂದ. 2024ರಲ್ಲಿ ಮಾಗಡಿ ಕೆರೆಗೆ ರಾಮ್ಸಾರ್ ಜೌಗುಪ್ರದೇಶವೆಂಬ ಅಂತರರಾಷ್ಟ್ರೀಯ ಮನ್ನಣೆ ದೊರೆತದ್ದು ಈ ಉಳಿವಿಗೇ. ಅಂಚನ್ನೆಲ್ಲ ಕಲ್ಲುಕಟ್ಟಿ ನೆಟ್ಟಗೆ ಮಾಡಿದ ಕೆರೆಯಲ್ಲಿ ಹಕ್ಕಿ ಕಾಲೂರುವುದೆಲ್ಲಿ?

ಇದೇ ಸಂದರ್ಭದಲ್ಲಿ ಕಾನೂನಿನ ಕಡೆಗೂ ದೃಷ್ಟಿ ಹಾಯಿಸತಕ್ಕದ್ದು. ಕೆರೆಗಳ ಸಂರಕ್ಷಣೆಗೆಂದು 2014ರಲ್ಲಿ ಅಧಿನಿಯಮ ಮಾಡಿದ ವಿಧಾನಮಂಡಲವೇ, ಸುತ್ತ ಬಿಡಬೇಕಾದ 30 ಮೀಟರ್ ಮೀಸಲು ಬಯಲನ್ನು ಕೆರೆಯ ವಿಸ್ತೀರ್ಣಕ್ಕೆ ತಕ್ಕಂತೆ ಕಿರಿದುಗೊಳಿಸುವ ತಿದ್ದುಪಡಿಗೆ 2025ರಲ್ಲಿ ಒಪ್ಪಿಗೆಯಿತ್ತಿತು. ಸಣ್ಣ ಕೆರೆಗೆ ದೊಡ್ಡ ಅಂಚೇಕೆ ಎಂಬುದು ಅದರ ಪರ ನಿಂತವರ ವಾದ. ಸಣ್ಣ ಮಗುವಿಗೆ ಸಣ್ಣ ತೊಟ್ಟಿಲೆಂಬಷ್ಟು ಸರಳವಲ್ಲ ಇದು. ನಮ್ಮ ಸೀಮೆಯ ಕೆರೆಗಳು ಸರಪಣಿಯ ಕೊಂಡಿಗಳು, ಮೇಲಿನ ಸಣ್ಣ ಕೆರೆ ಕೋಡಿ ಹರಿದಾಗಲೇ ಕೆಳಗಿನ ದೊಡ್ಡ ಕೆರೆ ತುಂಬುವುದು. ಧರ್ಮಾಂಬುಧಿ ಕೆರೆಯನ್ನು ಬಸ್ ನಿಲ್ದಾಣವಾಗಿಸಿ, ಸಂಪಂಗಿ ಕೆರೆಯನ್ನು ಕ್ರೀಡಾಂಗಣವಾಗಿಸಿದ ಬೆಂಗಳೂರು ಮಳೆಗಾಲದಲ್ಲಿ ಮುಳುಗಿ ಬೇಸಗೆಯಲ್ಲಿ ಬಾಯಾರುವುದನ್ನು ಕಂಡೂ ಕಾಣದಂತಿರುವುದು ಯಾವ ವಿವೇಕ?

ಕೆರೆ ಒಣಗಿದರೆ ತುಂಗಭದ್ರೆ ಇದ್ದಾಳಲ್ಲ ಎನ್ನುವವರಿದ್ದಾರೆ. ಮುಂಡರಗಿ ತಾಲೂಕಿನ ಹಮ್ಮಿಗಿಯಲ್ಲಿ ನದಿಗೆ ಅಡ್ಡವಾಗಿ ಬ್ಯಾರೇಜು ಎದ್ದಾಗ ದಂಡೆಯ ಊರುಗಳವರು ಹೊಲಮನೆಗಳನ್ನು ತೆತ್ತರು. ಆ ತ್ಯಾಗದ ನೀರು ಕುಡಿಯುವುದಕ್ಕೂ ಬೆಳೆಯುವುದಕ್ಕೂ ಸಲ್ಲಬೇಕೇ ಹೊರತು, ತನ್ನ ಹಳ್ಳಗಳನ್ನು ತಾನೇ ಮುಚ್ಚಿಕೊಂಡ ನಗರದ ಅಲಂಕಾರಕ್ಕಲ್ಲ.

ಸ್ಥಾವರಕ್ಕಿಂತ ಜಂಗಮವೇ ಹಿರಿದೆಂದು ಬಾಳಿದ ಮಹಾನುಭಾವನ ಮೂರ್ತಿಯನ್ನು ಕೆರೆಯ ಬಳಿ ನಿಲ್ಲಿಸಿದ್ದೇವೆ. ಕೆರೆಯಲ್ಲಿ ಜಂಗಮವಾದದ್ದು ಹರಿದು ಬರುವ ನೀರು, ಉಳಿದುದೆಲ್ಲ ಸ್ಥಾವರ. ಆದುದರಿಂದ ದಂಡೆಗೆ ಇನ್ನೊಂದು ರೂಪಾಯಿ ಸುರಿಯುವ ಮುನ್ನ ಜಲಾನಯನದ ಹಳ್ಳಗಳನ್ನೆಲ್ಲ ಅಳೆದು ಗಡಿಕಲ್ಲು ನೆಡಲಿ. ಚರಂಡಿಯನ್ನು ಬೇರೆ ದಾರಿಗೆ ತಿರುಗಿಸಲಿ. 30 ಮೀಟರ್ ಬಯಲನ್ನು ಮುಟ್ಟದಿರಲಿ. ಕೆರೆಗೆ ವರ್ಷಕ್ಕೆ ಎಷ್ಟು ನೀರು ಬಂತು, ಎಲ್ಲಿಂದ ಬಂತೆಂಬ ಲೆಕ್ಕವನ್ನು ದಂಡೆಯ ಮೇಲೆಯೇ ಫಲಕ ಹಾಕಿ ಜನಕ್ಕೆ ಒಪ್ಪಿಸಲಿ.

ಓದುಗರಲ್ಲಿಯೂ ಒಂದು ವಿನಂತಿ. ಮುಂದಿನ ದೊಡ್ಡ ಮಳೆ ನಿಂತ ಮರುದಿನ, ನಿಮ್ಮ ಊರಿನ ಕೆರೆಗೆ ನೀರು ಬರುವ ಹಳ್ಳದ ಜಾಡು ಹಿಡಿದು ಮೇಲ್ಮುಖವಾಗಿ ಒಂದು ಮೈಲಿ ನಡೆದು ನೋಡಿರಿ. ದಾರಿಯಲ್ಲಿ ಗೋಡೆ ಅಡ್ಡವಾದರೆ, ಅದು ಯಾರದೆಂದು ನಗರಸಭೆಗೆ ಹೋಗಿ ಕೇಳಿರಿ.