ಬಿರುಗಾಳಿಯಲ್ಲಿ ದೇವರು

2020ರ ಮಾರ್ಚಿನಲ್ಲಿ ಕೊರೋನಾ ಭೀತಿಯಿಂದ ದೇಶವೆಲ್ಲ ಬಾಗಿಲಿಕ್ಕಿದಾಗ ನಮ್ಮ ಸಚಿನ್ನಿನ ಮಗ್ಗಗಳೂ ಮೌನವಾದುವು. ಕೆಲವು ದಿನಗಳಾದ ಮೇಲೆ ವಿದ್ಯಾರ್ಥಿಯೊಬ್ಬನು ದೂರವಾಣಿಯಲ್ಲಿ, “ಗುರುಗಳೇ, ದೇವರು ಈಗ ಎಲ್ಲಿದ್ದಾನೆ?” ಎಂದು ಕೇಳಿದನು. ಅವನ ತಂದೆಗೆ ಆ ವಾರ ಕೂಲಿ ದೊರೆತಿರಲಿಲ್ಲ. ನಾವು ಉತ್ತರಿಸಲಾರದೆ ಹೋದೆವು.

ಅಂದು ರಾತ್ರಿ ಬೈಬಲಿನ 46ನೆಯ ಕೀರ್ತನೆಯನ್ನು ತೆರೆದೆವು. ಭೋರ್ಗರೆವ ಕಡಲೂ ಪಟ್ಟಣವನ್ನು ನಲಿಸುವ ನದಿಯೂ ಅದೊಂದೇ ಹಾಡಿನಲ್ಲಿವೆ. ತಾಪಿಯನ್ನು ಬಲ್ಲವರಿಗೆ ಇದು ಹೊಸತಲ್ಲ. 2006ರ ಆಗಸ್ಟಿನಲ್ಲಿ ಉಕಾಯಿ ಅಣೆಕಟ್ಟಿನಿಂದ ಬಿಟ್ಟ ನೀರು ಸೂರತ್ ನಗರದ ಬಹುಭಾಗವನ್ನು ಮುಳುಗಿಸಿತು. ಆ ನಗರಕ್ಕೆ ಕುಡಿಯಲು ನೀರೀಯುವವಳೂ ತಾಪಿಯೇ.

ಕೀರ್ತನೆಯ ಕೊನೆಗೆ ಸುಮ್ಮನಿರಬೇಕೆಂಬ ಅಪ್ಪಣೆಯುಂಟು. ಕೈಕಟ್ಟಿ ಕುಳಿತಿರುವುದೇ ಭಕ್ತಿಯೆಂದು ಕೆಲವರು ಇದಕ್ಕೆ ಅರ್ಥ ಹೇಳುವರು. ನಮಗದು ಒಪ್ಪಿಗೆಯಿಲ್ಲ. ಆ ಅಪ್ಪಣೆಗೆ ಮುಂಚೆ ಬಿಲ್ಲು ಮುರಿಯುತ್ತದೆ, ಈಟಿ ತುಂಡಾಗುತ್ತದೆ. ಸುಮ್ಮನಾಗಬೇಕಾದುದು ಬಡಿಯುವ ಕೈ, ಬಡಿಸುವ ಕೈಯಲ್ಲ.

ಹುಡುಗನ ಪ್ರಶ್ನೆಯನ್ನೂ ನಾವು ಅಪನಂಬಿಕೆಯೆನ್ನೆವು. ಬಿರುಗಾಳಿಗೆ ಸಿಕ್ಕ ದೋಣಿಯಲ್ಲಿ ಮಲಗಿದ್ದ ಯೇಸುವನ್ನು ಶಿಷ್ಯರು ಎಬ್ಬಿಸಿ, ನಮ್ಮ ಚಿಂತೆ ನಿನಗಿಲ್ಲವೇ ಎಂದು ದೂರಿದರಷ್ಟೆ. ಮಾರ್ಕನು ಬರೆದಂತೆ ಆತನು ಮೊದಲು ಗದರಿಸಿದುದು ಗಾಳಿಯನ್ನು, ಶಿಷ್ಯರನ್ನು ಆಮೇಲೆ. ಉಪಾಧ್ಯಾಯರಾದ ನಾವು ಈ ಕ್ರಮವನ್ನು ಎಷ್ಟೋ ಸಲ ಮರೆಯುತ್ತೇವೆ!

ಮರುದಿನ ಅಕ್ಕಿಬೇಳೆಗಳನ್ನು ಹೊತ್ತು ಹುಡುಗನ ಮನೆಗೆ ಹೋದೆವು. ನೆರೆಯ ಗುಜರಾತಿ ತಾಯಿಯೊಬ್ಬರು ಆಗಲೇ ಬಿಸಿರೊಟ್ಟಿ ಕೊಟ್ಟುಹೋಗಿದ್ದರು.