ದಾನ ಬೇಡ, ಗೇಣಿ ಕೊಡಲಿ

ನಮ್ಮ ಕಡೆ ‘ಕಂಪನಿ’ ಎಂದರೆ ಸಾಕು, ಯಾವ ಕಂಪನಿ ಎಂದು ಯಾರೂ ಕೇಳುವುದಿಲ್ಲ. ಸುರತ್ಕಲ್ಲಿನಿಂದ ಮೂಡಕ್ಕೆ ತಿರುಗಿ ಕಾಟಿಪಳ್ಳ ದಾಟಿದರೆ ಕುತ್ತೆತ್ತೂರಿನ ಗುಡ್ಡದಲ್ಲಿ ರಾತ್ರಿ ಆಕಾಶವನ್ನು ಕೆಂಪು ಮಾಡುವ ಬೆಂಕಿಯೇ ಅದರ ವಿಳಾಸ. 1988ರಲ್ಲಿ ಕಾಗದದ ಮೇಲೆ ಹುಟ್ಟಿದ ಎಂ.ಆರ್.ಪಿ.ಎಲ್. 1996ರಲ್ಲಿ ವರ್ಷಕ್ಕೆ 30 ಲಕ್ಷ ಟನ್ ಕಚ್ಚಾ ಎಣ್ಣೆ ಶುದ್ಧಿ ಮಾಡುವ ಕಾರ್ಖಾನೆಯಾಯಿತು. 2003ರಲ್ಲಿ ಒ.ಎನ್.ಜಿ.ಸಿ.ಯ ಕೈಸೇರಿತು. ಈಗ ಅದರ ಸಾಮರ್ಥ್ಯ 150 ಲಕ್ಷ ಟನ್. ಸಭೆ ಸಮಾರಂಭಗಳಲ್ಲಿ ಅದರ ಬಗ್ಗೆ ಕೇಳುವ ಮಾತು ಒಂದೇ: ‘ಕಂಪನಿ ಬಂದ ಮೇಲೆ ಜಿಲ್ಲೆ ಉದ್ಧಾರವಾಯಿತು.’ ಈ ಮಾತಿನ ಮೇಲೆ ನನಗೆ ತಕರಾರಿದೆ.

ಕಂಪನಿ ಬರುವ ಮೊದಲು ನಾವೇನು ಕಾಡಿನಲ್ಲಿದ್ದೆವೇ? 1865ರಲ್ಲೇ ಇಲ್ಲಿ ಬಾಸೆಲ್ ಮಿಷನ್ನಿನವರು ಹಂಚು ಸುಡುತ್ತಿದ್ದರು. ಕೆನರಾ, ಕಾರ್ಪೊರೇಶನ್, ಸಿಂಡಿಕೇಟ್, ವಿಜಯಾ, ಕರ್ನಾಟಕ ಬ್ಯಾಂಕುಗಳು 1906ರಿಂದ 1931ರ ಒಳಗೆ ಈ ಅವಿಭಜಿತ ಜಿಲ್ಲೆಯಲ್ಲೇ ಹುಟ್ಟಿದವು. ಬೀಡಿ ಕಟ್ಟಿದ ಹೆಂಗಸರ ಬೆರಳು, ಬೊಂಬಾಯಿಯ ಹೋಟೆಲುಗಳಲ್ಲಿ ಲೋಟ ತೊಳೆದ ಹುಡುಗರು, ಗೇರುಬೀಜದ ಫ್ಯಾಕ್ಟರಿ, ಆಮೇಲೆ ಗಲ್ಫಿನಿಂದ ಬಂದ ಡ್ರಾಫ್ಟು, ಇವೆಲ್ಲ ಸೇರಿ ಊರನ್ನು ಕಟ್ಟಿದವು. ಎಣ್ಣೆಯ ಹಣ ನಮ್ಮ ಮನೆಗಳಿಗೆ ಬಂದದ್ದು ನಿಜ. ಆದರೆ ಅದು ಕುತ್ತೆತ್ತೂರಿಗಿಂತ ಮೊದಲು ಕುವೈತಿನಿಂದ, ದುಬೈಯಿಂದ ಬಂತು.

ಹಾಗೆಂದು ಕಂಪನಿ ಬರಲೇಬಾರದಿತ್ತು ಎನ್ನುವ ಪೈಕಿಯವಳಲ್ಲ ನಾನು. ಗ್ಯಾಸಿನ ಒಲೆಯಲ್ಲಿ ಚಹಾ ಕುದಿಸಿಕೊಂಡು ಹಾಗೆ ಬರೆಯುವುದು ಸರಿಯೂ ಅಲ್ಲ. ನವಮಂಗಳೂರು ಬಂದರಿನಲ್ಲಿ ಇಳಿಯುವ ಸರಕಿನಲ್ಲಿ ದೊಡ್ಡ ಪಾಲು ಎಣ್ಣೆಯದೇ. ಅದರಿಂದ ಲಾರಿಯವರು, ಕ್ಯಾಂಟೀನಿನವರು, ಬಾಡಿಗೆ ಮನೆಯವರು ಬದುಕಿದ್ದಾರೆ. ನನ್ನ ಪ್ರಶ್ನೆ ಬೇರೆ. ನೆಲ, ನೀರು, ಗಾಳಿ ಕೊಟ್ಟ ಗ್ರಾಮಕ್ಕೆ ಆ ಲೆಕ್ಕದಲ್ಲಿ ಏನು ಜಮೆಯಾಗಿದೆ?

ನೆಲದ ಮಾತು ಬಂದಾಗ ಸ್ವಲ್ಪ ಹಿಂದೆ ಹೋಗಬೇಕಾಗುತ್ತದೆ. ದಕ್ಷಿಣ ಕನ್ನಡದ ಹೆಚ್ಚಿನ ಒಕ್ಕಲು ಕುಟುಂಬಗಳಿಗೆ ಗದ್ದೆ ಸ್ವಂತವಾದದ್ದು 1974ರ ಭೂಸುಧಾರಣೆಯ ಮೇಲೆ. ಡಿಕ್ಲರೇಶನ್ ಬರೆದು, ಭೂನ್ಯಾಯ ಮಂಡಳಿಯ ಎದುರು ಕೈಮುಗಿದು ನಿಂತು ಪಡೆದ ಜಾಗ ಅದು. ಅದಕ್ಕೂ ಮೊದಲು ಎರಡು ಬಗೆಯ ಗೇಣಿಯಿತ್ತು. ಚಾಲಗೇಣಿಯ ಒಕ್ಕಲನ್ನು ಧಣಿ ಬೇಕೆಂದಾಗ ಎಬ್ಬಿಸಬಹುದು. ಮೂಲಗೇಣಿ ಹಾಗಲ್ಲ: ಗೇಣಿ ನಿಗದಿ, ಹಕ್ಕು ಶಾಶ್ವತ. ಎರಡರಲ್ಲೂ ಒಂದು ಮಾತ್ರ ಸಮ. ಮಳೆ ಬರಲಿ ಬಿಡಲಿ, ಬೆಂಕಿರೋಗ ಬಂದು ಬೈಲು ಕೆಂಪಾಗಲಿ, ಧಣಿಯ ಮನೆಯ ಅಂಗಳಕ್ಕೆ ಅಕ್ಕಿಮುಡಿ ಹೋಗಲೇಬೇಕು. ‘ಈ ವರ್ಷ ನಷ್ಟ’ ಎಂದು ಹೇಳಿ ಗೇಣಿ ತಪ್ಪಿಸಿದ ಒಕ್ಕಲು ಮರುವರ್ಷ ಆ ಗದ್ದೆಯಲ್ಲಿ ಇರುತ್ತಿರಲಿಲ್ಲ ಎಂದು ನನ್ನ ಅಪ್ಪ ಹೇಳುತ್ತಿದ್ದರು.

ಹೀಗೆ ಪಡೆದ ನೆಲ ಇಪ್ಪತ್ತು ವರ್ಷ ತುಂಬುವ ಮೊದಲೇ ಕೈಗಾರಿಕೆಗೆ ಹೋಗತೊಡಗಿತು. ಮೊದಲು ಬಂದರಿಗಾಗಿ ಪಣಂಬೂರಿನವರು ಎದ್ದು ಕಾಟಿಪಳ್ಳ, ಕೃಷ್ಣಾಪುರಕ್ಕೆ ಬಂದಿದ್ದರು. ಅವರು ನೆಲೆನಿಂತ ಕಾಟಿಪಳ್ಳದ ಮಗ್ಗುಲಿಗೇ ರಿಫೈನರಿ ಬಂತು. 2007ರ ಹೊತ್ತಿಗೆ ವಿಶೇಷ ಆರ್ಥಿಕ ವಲಯ ಎಂಬ ಹೆಸರಿನಲ್ಲಿ ಪೆರ್ಮುದೆ, ಕಳವಾರಿನ ಗದ್ದೆಗಳು ಹೋದವು. ನಾಗಬನ, ಭೂತದ ಗುಡಿ, ತಲೆಮಾರಿನಿಂದ ಸೊಪ್ಪು ಕಡಿದ ಕುಮ್ಕಿ ಗುಡ್ಡ ಎಲ್ಲ ಅದರ ಜೊತೆಗೆ ಹೋಯಿತು. ಕುಮ್ಕಿ ಕಾಗದದಲ್ಲಿ ಸರಕಾರದ್ದು. ಆದರೆ ಕುಮ್ಕಿಯ ಸೊಪ್ಪಿಲ್ಲದ ಗದ್ದೆಗೆ ಗೊಬ್ಬರ ಎಲ್ಲಿಂದ ಎಂದು ಅಳತೆಗೆ ಬಂದವರಿಗೆ ಹೇಗೆ ವಿವರಿಸುವುದು?

‘ಮನೆಗೊಂದು ಉದ್ಯೋಗ ಕೊಡಲಿಲ್ಲವೇ?’ ಎನ್ನುತ್ತಾರೆ. ಕೊಡುತ್ತೇವೆ ಎಂದರು, ಹಲವರಿಗೆ ಸಿಕ್ಕಿತು, ಸಂತೋಷ. ಆದರೆ ಉದ್ಯೋಗಕ್ಕೆ ಅರುವತ್ತು ವರ್ಷಕ್ಕೆ ನಿವೃತ್ತಿ ಇದೆ, ಗದ್ದೆಗೆ ಇರಲಿಲ್ಲ. ಒಬ್ಬ ಮಗನ ಸಂಬಳ ಅವನ ಹೆಂಡತಿ ಮಕ್ಕಳಿಗಾಯಿತು. ಅವನ ತಂಗಿಯ ಪಾಲು, ಮೊಮ್ಮಕ್ಕಳ ಪಾಲು ಯಾವ ಮಸ್ಟರ್ ರೋಲಿನಲ್ಲಿದೆ? 2021ರ ನೇಮಕಾತಿಯಲ್ಲಿ ಕನ್ನಡನಾಡಿನವರು ಬೆರಳೆಣಿಕೆಯಷ್ಟು ಎಂಬ ಕೂಗು ಎದ್ದದ್ದನ್ನು ಪತ್ರಿಕೆ ಓದುವವರು ಮರೆತಿರಲಾರರು.

ಇನ್ನು ತೆರಿಗೆ. ಪೆಟ್ರೋಲು, ಡೀಸೆಲು ಇಂದಿಗೂ ಜಿ.ಎಸ್.ಟಿ.ಯ ಹೊರಗೇ ಇವೆ. ಅಬಕಾರಿ ಸುಂಕ ದೆಹಲಿಗೆ, ಮಾರಾಟ ತೆರಿಗೆ ಮಾರಿದ ರಾಜ್ಯದ ಖಜಾನೆಗೆ, ಲಾಭಾಂಶ ಷೇರುದಾರರಿಗೆ. ಶುದ್ಧಿ ಮಾಡಿದ ಊರಿಗೆ ಬರುವುದು ಸಿ.ಎಸ್.ಆರ್. ಎಂಬ ಮೂರಕ್ಷರದ ಪ್ರಸಾದ.

ಇದರ ಬಗ್ಗೆ ಟೀಚರಾದ ನನಗೆ ನಾಲ್ಕು ಮಾತು ಹೇಳುವುದಿದೆ. ಶಾಲೆಗೆ ಬೆಂಚು ಬರುತ್ತದೆ, ಶೌಚಾಲಯ ಬರುತ್ತದೆ, ಅದಕ್ಕಿಂತ ದೊಡ್ಡದಾಗಿ ಹೆಸರಿನ ಬೋರ್ಡು ಬರುತ್ತದೆ. ಮಕ್ಕಳು ಬಿಸಿಲಿನಲ್ಲಿ ಸಾಲಾಗಿ ನಿಂತು ಚಪ್ಪಾಳೆ ತಟ್ಟಬೇಕು, ನಾವು ‘ಉದಾರ ದಾನಿಗಳು’ ಎಂದು ಸ್ವಾಗತ ಭಾಷಣ ಬರೆಯಬೇಕು. ದಾನ ಎಲ್ಲಿಯದು? 2013ರ ಕಂಪನಿ ಕಾಯ್ದೆ ದೊಡ್ಡ ಕಂಪನಿಗಳಿಗೆಲ್ಲ ವಿಧಿಸಿದ ಕರ್ತವ್ಯ ಅದು. ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ನೂರಕ್ಕೆ ಎರಡು. ಯಾವ ಊರಿಗೆ, ಯಾವ ಕೆಲಸಕ್ಕೆ ಎಂದು ಕಂಪನಿಯೇ ತೀರ್ಮಾನಿಸುತ್ತದೆ. ಸ್ಥಳೀಯರಿಗೆ ಆದ್ಯತೆ ಕೊಡಿ ಎಂದಷ್ಟೇ ಕಾನೂನು ಹೇಳುತ್ತದೆ.

‘ಲಾಭದಲ್ಲಿ’ ಎಂಬ ಪದವನ್ನು ಗಮನಿಸಿ. ರಿಫೈನರಿಯ ಲಾಭ ನಿಂತಿರುವುದು ಕಚ್ಚಾ ಎಣ್ಣೆಯ ದರಕ್ಕೂ ಶುದ್ಧಿಯಾದ ಎಣ್ಣೆಯ ದರಕ್ಕೂ ನಡುವಿನ ಅಂತರದಲ್ಲಿ. ಆ ಅಂತರವನ್ನು ನಿರ್ಧರಿಸುವುದು ಸಿಂಗಾಪುರದ ಮಾರುಕಟ್ಟೆ, ಎಲ್ಲೋ ನಡೆಯುವ ಯುದ್ಧ. 2019-20ರಲ್ಲಿ ಎಂ.ಆರ್.ಪಿ.ಎಲ್.ಗೆ ಎರಡೂವರೆ ಸಾವಿರ ಕೋಟಿ ಮೀರಿದ ನಷ್ಟ; 2023-24ರಲ್ಲಿ ಮೂರೂವರೆ ಸಾವಿರ ಕೋಟಿಗೂ ಮೇಲೆ ಲಾಭ; ಮರುವರ್ಷ ಲಾಭ ಐವತ್ತು ಕೋಟಿಯ ಆಸುಪಾಸಿಗೆ ಇಳಿಯಿತು. ನಮ್ಮ ಮಕ್ಕಳ ಬೆಂಚಿನ ಹಣ ಈ ಉಯ್ಯಾಲೆಯಲ್ಲಿ ತೂಗಬೇಕೇ? ನಷ್ಟದ ವರ್ಷವೇನೂ ಹೊಗೆ ಕಡಿಮೆಯಾಗುವುದಿಲ್ಲ. ಜೋಕಟ್ಟೆಯವರು ಕೋಕಿನ ಹುಡಿಯ ವಿರುದ್ಧ ವರ್ಷಗಟ್ಟಲೆ ಬೀದಿಗಿಳಿದರು; ಆ ಹುಡಿ ಲಾಭನಷ್ಟ ನೋಡಿ ಹಾರುವಂಥದ್ದೇ? 2019ರ ಬೇಸಗೆಯಲ್ಲಿ ನೇತ್ರಾವತಿ ಸೊರಗಿ, ಮಂಗಳೂರಿನವರು ಕೊಡ ಹಿಡಿದು ಕಾದರು. ರಿಫೈನರಿಯೂ ನೀರಿಲ್ಲದೆ ಕೆಲವು ಘಟಕ ನಿಲ್ಲಿಸಬೇಕಾಯಿತು. ಸಮುದ್ರದ ನೀರನ್ನು ಸಿಹಿ ಮಾಡುವ ಸ್ಥಾವರ ತಣ್ಣೀರುಬಾವಿಯಲ್ಲಿ ಎದ್ದದ್ದು ಆಮೇಲೆ. 2013ರ ಏಪ್ರಿಲಿನಲ್ಲಿ ಪೆರ್ನೆಯಲ್ಲಿ ಗ್ಯಾಸ್ ಟ್ಯಾಂಕರ್ ಮಗುಚಿ ರಸ್ತೆಬದಿಯ ಮನೆಗಳೇ ಉರಿದವು. ಅನಿಲ ಯಾರದ್ದೇ ಇರಲಿ, ರಸ್ತೆ ನಮ್ಮದು. 2025ರ ಜುಲೈಯಲ್ಲಿ ರಿಫೈನರಿಯೊಳಗೇ ವಿಷಾನಿಲ ಸೋರಿ ಇಬ್ಬರು ನೌಕರರು ಸತ್ತರು. ಅವರು ಪರವೂರ ಮಕ್ಕಳು. ನೇಮಕಾತಿಯ ಜಗಳದಲ್ಲಿ ನಾವು ‘ಹೊರಗಿನವರು’ ಎಂದು ಬೈದದ್ದು ಇಂಥವರನ್ನೇ.

ಆದುದರಿಂದ ನಾನು ಕೇಳುವುದು ಮೂಲಗೇಣಿ. ಶುದ್ಧಿ ಮಾಡುವ ಒಂದೊಂದು ಟನ್ನಿಗೆ ಹತ್ತು ರೂಪಾಯಿ, ಲಾಭವಿರಲಿ ನಷ್ಟವಿರಲಿ, ಸುತ್ತಲಿನ ಗ್ರಾಮಗಳಿಗೆ ಸಲ್ಲಲಿ. ಒಂದು ಟನ್ ಕಚ್ಚಾ ಎಣ್ಣೆ ಎಂದರೆ ಸಾವಿರ ಲೀಟರಿಗೂ ಹೆಚ್ಚು. ಲೀಟರಿಗೆ ಒಂದು ಪೈಸೆಯೂ ಬೀಳುವುದಿಲ್ಲ. 150 ಲಕ್ಷ ಟನ್ನಿಗೆ ವರ್ಷಕ್ಕೆ ಹದಿನೈದು ಕೋಟಿ. ಇದೇನು ಹೊಸ ಹುಚ್ಚಲ್ಲ. ಅಸ್ಸಾಮಿನ ನೆಲದಿಂದ ಎಣ್ಣೆ ತೆಗೆದರೆ ಆ ರಾಜ್ಯಕ್ಕೆ ರಾಯಲ್ಟಿ ಸಿಗುತ್ತದೆ. ಬಳ್ಳಾರಿಯ ಗಣಿಯವರು 2015ರ ತಿದ್ದುಪಡಿಯಿಂದೀಚೆಗೆ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಹಣ ಕಟ್ಟಲೇಬೇಕು. ಎಣ್ಣೆ ತೆಗೆದ ಊರಿಗೆ ಹಕ್ಕಿದೆ, ಅದಿರು ತೆಗೆದ ಊರಿಗೆ ಹಕ್ಕಿದೆ. ಎಣ್ಣೆ ಕಾಯಿಸಿದ ಊರಿಗೆ ಮಾತ್ರ ಯಾಕಿಲ್ಲ?

ನಿವೃತ್ತರಾದ ನನ್ನ ಸಹೋದ್ಯೋಗಿಯೊಬ್ಬರು ಇದನ್ನು ಕೇಳಿ, ‘ಟೀಚರೇ, ಹೀಗೆಲ್ಲ ಕೇಳಿದರೆ ಕಂಪನಿ ಬೇರೆ ಕಡೆ ಹೋದೀತು’ ಎಂದರು. ಎಲ್ಲಿಗೆ ಹೋಗುತ್ತದೆ? ಬಂದರನ್ನು ಹೊತ್ತುಕೊಂಡು ಹೋಗುತ್ತದೆಯೇ? ಬೆಂಗಳೂರಿನವರೆಗೆ ಹೂತ ಕೊಳವೆಯನ್ನು ಕಿತ್ತುಕೊಂಡು ಹೋಗುತ್ತದೆಯೇ? ಹಣ ಪಂಚಾಯತಿನಲ್ಲಿ ಪೋಲಾದೀತು ಎಂಬುದು ಇನ್ನೊಬ್ಬರ ಆತಂಕ. ಅದನ್ನು ನಾನು ತಳ್ಳಿಹಾಕುವುದಿಲ್ಲ, ಪಂಚಾಯತುಗಳನ್ನು ನಾನೂ ಕಂಡವಳೇ. ಅದಕ್ಕಾಗಿ ಈ ಹಣಕ್ಕೆ ಬೇರೆಯೇ ಖಾತೆ ಇರಲಿ. ಬಾವಿ ನೀರಿನ ಪರೀಕ್ಷೆ, ಉಸಿರಾಟದ ತೊಂದರೆಯವರ ಔಷಧಿ, ಜಾಗ ಬಿಟ್ಟ ಕುಟುಂಬಗಳ ಹೆಣ್ಣುಮಕ್ಕಳ ಐ.ಟಿ.ಐ., ಡಿಪ್ಲೊಮಾ ಫೀಸು, ಇಷ್ಟಕ್ಕೆ ಮಾತ್ರ ಖರ್ಚಾಗಲಿ. ವರ್ಷಕ್ಕೆ ಎರಡು ಸಲ ಗ್ರಾಮಸಭೆಯಲ್ಲಿ ಜಮಾಖರ್ಚನ್ನು ಗಟ್ಟಿಯಾಗಿ ಓದಲಿ. ಮೊದಲ ಸಭೆ ಕುತ್ತೆತ್ತೂರಿನಲ್ಲೇ ಆಗಲಿ, ಕಂಪನಿಯ ಅಧಿಕಾರಿಗಳೂ ಬಂದು ಊರವರ ಜೊತೆ ಬೆಂಚಿನಲ್ಲಿ ಕೂತು ಕೇಳಲಿ.