ಗಡ್ಡೆ ತೆಗೆದರೆ ಮುಗಿಯಿತೆ?

ಆರಂಭದ ಹಂತದ ಸ್ತನ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ ಸಾಕು, ಆಮೇಲಿನ ಔಷಧಿಗಳೆಲ್ಲ ಆಸ್ಪತ್ರೆಗಳ ವ್ಯಾಪಾರ ಎಂಬರ್ಥದ ಲೇಖನ ಓದಿ ಸಿಟ್ಟು ಬಂತು. ಇದನ್ನು ನಂಬಿ ಒಬ್ಬ ಹೆಣ್ಣುಮಗಳು ಮಾತ್ರೆ ಬಿಟ್ಟರೆ ಹೊಣೆ ಯಾರು?

ಗಡ್ಡೆ ತೆಗೆಯುವ ಹೊತ್ತಿಗಾಗಲೇ ಸ್ಕ್ಯಾನಿಂಗ್‌ಗೂ ಕಾಣದ ಕ್ಯಾನ್ಸರ್ ಕೋಶಗಳು ದೇಹದ ಬೇರೆಡೆ ಸೇರಿರಬಹುದು. ಹೆಚ್ಚುವರಿ ಔಷಧಿ ಇರುವುದು ಅವುಗಳಿಗಾಗಿ. ಬಯಾಪ್ಸಿ ವರದಿಯಲ್ಲಿ ‘ಇಆರ್ ಪಾಸಿಟಿವ್’ (ಈಸ್ಟ್ರೋಜನ್ ಹಾರ್ಮೋನ್‌ಗೆ ಸ್ಪಂದಿಸುವ ಗಡ್ಡೆ) ಎಂದಿದ್ದರೆ, 5 ವರ್ಷ ನುಂಗಿದ ಟ್ಯಾಮಾಕ್ಸಿಫೆನ್ ಮುಂದಿನ 15 ವರ್ಷಗಳಲ್ಲಿ ಈ ರೋಗದಿಂದಾಗುವ ಸಾವನ್ನು ಸುಮಾರು ಮೂರನೇ ಒಂದರಷ್ಟು ತಗ್ಗಿಸುತ್ತದೆ. ಅದು ದುಬಾರಿ ಮಾತ್ರೆಯೂ ಅಲ್ಲ. ವ್ಯಾಪಾರದ ಆರೋಪ ಅಲ್ಲೇ ಬಿದ್ದುಹೋಯಿತು.

ಕೀಮೋ ಎಲ್ಲರಿಗೂ ಬೇಡ, ನಿಜ. ಅದನ್ನು ತೋರಿಸಿಕೊಟ್ಟವರೂ ಕ್ಯಾನ್ಸರ್ ವೈದ್ಯರೇ. 2018ರಲ್ಲಿ ಪ್ರಕಟವಾದ ಟೇಲರ್‌ಎಕ್ಸ್ ಅಧ್ಯಯನ ನಡೆದದ್ದು ಹಾರ್ಮೋನ್ ಪಾಸಿಟಿವ್, ಹರ್2 (ಗಡ್ಡೆಯ ಬೆಳವಣಿಗೆಗೆ ನೆರವಾಗುವ ಪ್ರೋಟೀನ್) ನೆಗೆಟಿವ್, ಕಂಕುಳಿನ ಗ್ರಂಥಿಗೆ ಹರಡದ ರೋಗದವರಲ್ಲಿ. ರೋಗ ಮರಳುವ ಸಾಧ್ಯತೆ ಅಳೆಯುವ 21 ಜೀನ್‌ಗಳ ಪರೀಕ್ಷೆಯಲ್ಲಿ ಅಂಕ 11ರಿಂದ 25 ಬಂದವರಿಗೆ ಒಟ್ಟಾರೆ ಕೀಮೋದಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಆದರೆ ವಯಸ್ಸು 50 ದಾಟದ, ಅಂಕ 16 ಅಥವಾ ಹೆಚ್ಚಿದ್ದ ಹೆಂಗಸರಿಗೆ ಒಂದಿಷ್ಟು ಲಾಭವಾಗಿತ್ತು. ನಮ್ಮ ದೇಶದಲ್ಲಿ 50ರೊಳಗೇ ಈ ರೋಗ ಬರುವವರು ಬಹಳ. ಹರ್2 ಪಾಸಿಟಿವ್ ಅಥವಾ ಟ್ರಿಪಲ್ ನೆಗೆಟಿವ್ (ಹಾರ್ಮೋನ್, ಹರ್2 ಎಲ್ಲವೂ ನೆಗೆಟಿವ್) ಆದರಂತೂ ಲೆಕ್ಕವೇ ಬೇರೆ. ಲೇಖಕರು ಇವರನ್ನೆಲ್ಲ ಒಂದೇ ತಕ್ಕಡಿಗೆ ಹಾಕಿದ್ದಾರೆ.

ಮೈ ಬಿಸಿಯೇರುವುದು, ಕೂದಲು ಉದುರುವುದು, ಕೈಕಾಲು ಜೋಮು ಹಿಡಿಯುವುದು ಸಣ್ಣ ಸಂಕಟಗಳಲ್ಲ. ಆದ್ದರಿಂದಲೇ ಪ್ರತಿ ರೋಗಿಯೂ ವೈದ್ಯರನ್ನು ನೇರವಾಗಿ ಕೇಳಬೇಕು: ನನ್ನಂಥ 100 ಜನರಲ್ಲಿ ಎಷ್ಟು ಮಂದಿಗೆ ರೋಗ ಮರಳುತ್ತದೆ? ಈ ಔಷಧಿ ಕೊಟ್ಟರೆ ಎಷ್ಟು ಮಂದಿಗೆ? 30 ಹೋಗಿ 20 ಆಗುವುದಕ್ಕೂ 3 ಹೋಗಿ 2 ಆಗುವುದಕ್ಕೂ ಅಜಗಜಾಂತರವಿದೆ. ಎರಡನೆಯವರು ಬೇಡವೆಂದರೆ ಅದು ತಿಳಿದು ಮಾಡಿದ ಆಯ್ಕೆ. ಮೊದಲನೆಯವರಿಗೂ ಬೇಡ ಎನ್ನುವ ಅಧಿಕಾರ ಲೇಖಕರಿಗೆ ಯಾರು ಕೊಟ್ಟರು?